ಡಾಕ್ಟ್ರಮ್ಮನ ಗುರು ಯಾರು? ಗಡಿ ಊರುಗಳಿಂದ ಒಂದು ಪ್ರಶ್ನೆ

ಹಿಂದೂಪುರ, ಕಲ್ಯಾಣದುರ್ಗದ ಕನ್ನಡದ ಮನೆಗಳಲ್ಲಿ 'ಡಾಕ್ಟ್ರಮ್ಮ' ಅಂದ್ರೆ ಹೆರಿಗೆ ಡಾಕ್ಟ್ರು ಅಂತಲೇ ಅರ್ಥ. ಮೂಳೆ ಡಾಕ್ಟ್ರು ಹೆಂಗಸಾದ್ರೆ ಅದನ್ನ ಬಿಡಿಸಿ ಹೇಳ್ಬೇಕು. ನಾನು ಸಾಹಿತ್ಯದ ವಿದ್ಯಾರ್ಥಿನಿ, ಹಾಗಾಗಿ ಪದದಿಂದಲೇ ಶುರು ಮಾಡ್ತೀನಿ. ತಜ್ಞ ತರಬೇತಿಯಲ್ಲಿರುವ ಯುವ ವೈದ್ಯೆಯರು ಹೆಣ್ಣು ಮಾರ್ಗದರ್ಶಕರನ್ನೇ ಬಯಸುತ್ತಾರಾ ಅಂತ ಕೇಳುವ ಮುಂಚೆ, ಅಂಥವರು ಯಾವ ವಿಭಾಗದಲ್ಲಿ ಸಿಗ್ತಿದ್ದರು ಅಂತ ನೋಡಬೇಕು.

1882ರಲ್ಲಿ ಬಳ್ಳಾರಿಯಿಂದ ಬೇರೆಯಾದ ಅನಂತಪುರ ಜಿಲ್ಲೆ ಮದ್ರಾಸು ಪ್ರಾಂತ್ಯಕ್ಕೆ ಸೇರಿತ್ತು. ಆದ್ದರಿಂದ ನಮ್ಮ ಕತೆ ಮೈಸೂರಿನದಲ್ಲ, ಮದ್ರಾಸಿನದು. 1875ರಲ್ಲಿ ಮದ್ರಾಸು ಮೆಡಿಕಲ್ ಕಾಲೇಜು ನಾಲ್ವರು ಮಹಿಳೆಯರನ್ನು ಸೇರಿಸಿಕೊಂಡಿತು. ಕಲಿಸಿದವರು ಗಂಡಸರೇ. ಆ ನಾಲ್ವರಲ್ಲಿ ಒಬ್ಬರಾದ ಮೇರಿ ಶಾರ್ಲೀಬ್ ಮುಂದೆ ಮದ್ರಾಸಿನಲ್ಲಿ ಗೋಷಾ ಹೆಂಗಸರ ಆಸ್ಪತ್ರೆ ಕಟ್ಟಿದರು. 1885ರ ಡಫರಿನ್ ನಿಧಿಯ ಉದ್ದೇಶವೂ ಹೆಂಗಸರಿಗೆ ಹೆಂಗಸರಿಂದಲೇ ಚಿಕಿತ್ಸೆ. ರೋಗಿಯ ಸಂಕೋಚ ವೈದ್ಯೆಗೆ ಬಾಗಿಲು ತೆರೆಯಿತು ನಿಜ, ಆದರೆ ತೆರೆದದ್ದು ಹೆರಿಗೆ ವಾರ್ಡಿನ ಬಾಗಿಲು. 1918ರಲ್ಲಿ ವೆಲ್ಲೂರಿನಲ್ಲಿ ಐಡಾ ಸ್ಕಡರ್ ಹೆಣ್ಣುಮಕ್ಕಳಿಗೆಂದೇ ವೈದ್ಯಶಾಲೆ ತೆರೆದ ಮೇಲೆ ಹೆಣ್ಣು ಗುರುಗಳ ಒಂದು ಸಾಲು ಬೆಳೆಯಿತು.

ನನಗೆ ಮುಖ್ಯ ಅನ್ನಿಸೋದು 1950ರ ದಶಕದ ಇಬ್ಬರು. ವೆಲ್ಲೂರಿನ ಮೇರಿ ವರ್ಗೀಸ್ ಸ್ತ್ರೀರೋಗ ತಜ್ಞೆಯಾಗಬೇಕೆಂದಿದ್ದವರು. 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಪಾಲ್ ಬ್ರಾಂಡ್ ಅವರ ಪ್ರೋತ್ಸಾಹದಿಂದ ಗಾಲಿಕುರ್ಚಿಯಲ್ಲೇ ಕೂತು ಕುಷ್ಠರೋಗಿಗಳ ಕೈಗಳ ಶಸ್ತ್ರಚಿಕಿತ್ಸೆ ಮಾಡಿದರು, ಆಮೇಲೆ ಪುನರ್ವಸತಿ ವೈದ್ಯಶಾಸ್ತ್ರವನ್ನು ಕಲಿತು ಬಂದು ವೆಲ್ಲೂರಿನಲ್ಲಿ ಆ ವಿಭಾಗವನ್ನೇ ಕಟ್ಟಿದರು. ವಿ. ಶಾಂತಾ 1955ರಲ್ಲಿ ಪ್ರಸೂತಿಶಾಸ್ತ್ರದಲ್ಲಿ ಎಂ.ಡಿ. ಮುಗಿಸಿ, ಎಗ್ಮೋರಿನ ಮಹಿಳಾ ಆಸ್ಪತ್ರೆಯ ಸರ್ಕಾರಿ ಕೆಲಸ ಬಿಟ್ಟು, ಮುತ್ತುಲಕ್ಷ್ಮಿ ರೆಡ್ಡಿ ಮತ್ತು ಅವರ ಮಗ ಕೃಷ್ಣಮೂರ್ತಿ ನಡೆಸುತ್ತಿದ್ದ ಅಡ್ಯಾರಿನ ಕ್ಯಾನ್ಸರ್ ಸಂಸ್ಥೆ ಸೇರಿದರು. ಇಬ್ಬರೂ ಹೊರಟದ್ದು ಹೆರಿಗೆ ವಾರ್ಡಿನ ಕಡೆಗೇ. ದಾರಿ ತಿರುಗಿದ್ದು ಬೇರೆ ಕ್ಷೇತ್ರದ ಗುರು ಕರೆದಾಗ. ಆ ಗುರು ಗಂಡೋ ಹೆಣ್ಣೋ ಅನ್ನೋದಕ್ಕಿಂತ, ಶಿಷ್ಯೆಯನ್ನ 'ಹೆರಿಗೆಗೆ ಸರಿ' ಅಂತ ಮೊದಲೇ ತೀರ್ಮಾನಿಸಿರಲಿಲ್ಲ ಅನ್ನೋದು ದೊಡ್ಡದು.

ಹಾಗಂತ ಹೆಣ್ಣು ಗುರು ಬೇಡವೇ? ಮೇಡಂ ಆಗಲೇ ಚಾಟ್‌ನಲ್ಲಿ ಕೇಳಿದ್ರು. ಬೇಕು. ರಾತ್ರಿ ಡ್ಯೂಟಿ, ಬಸಿರು, ಬಾಣಂತನದ ರಜೆ, ಇವನ್ನ ಗಂಡು ಗೈಡ್ ಮುಂದೆ ಹೇಳೋಕೆ ಎಷ್ಟು ಜನಕ್ಕೆ ಬಾಯಿ ಬರುತ್ತೆ? ವೈದ್ಯೆ ಅನುಪಮಾ ನಿರಂಜನರ 'ತಾಯಿ ಮಗು' ನಮ್ಮ ಅಮ್ಮಂದಿರಿಗೆ ಆಪ್ತವಾದದ್ದೂ ಇಂಥ ಮಾತಿಗೇ. ಆದರೆ ಸರ್ಜರಿಯಲ್ಲೋ ಮೂಳೆ ವಿಭಾಗದಲ್ಲೋ ಹಾಗೆ ಮಾತಾಡೋಕೆ ಸಿಗುವ ಹಿರಿಯ ವೈದ್ಯೆಯರು ಕಡಿಮೆ. ಮೂರು ವರ್ಷದ ಪಿ.ಜಿ.ಯಲ್ಲಿ ಪ್ರಬಂಧಕ್ಕೆ ಗೈಡ್ ಕಡ್ಡಾಯ, ಎಷ್ಟೋ ಕಡೆ ಹಂಚಿಕೆ ಮಾಡೋದು ವಿಭಾಗವೇ. ಅಲ್ಲಿ 'ಆಯ್ಕೆ' ಅನ್ನೋ ಮಾತೇ ಸ್ವಲ್ಪ ಉತ್ಪ್ರೇಕ್ಷೆ.

2020ರ ನಿಯಮದ ಪ್ರಕಾರ ಪಿ.ಜಿ. ವೈದ್ಯರು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ಹಿಂದೂಪುರದಂಥ ಊರಿಗೆ ಸರ್ಜರಿ ಕಲಿಯುವ ಹುಡುಗಿ ಬಂದಾಗ, ವಾರ್ಡಿನ ಅಜ್ಜಿ ಅವಳನ್ನೂ 'ಡಾಕ್ಟ್ರಮ್ಮ' ಅಂತಲೇ ಕರೀತಾಳೆ, ಆದರೆ ಹೆರಿಗೆಗಲ್ಲ, ಹರ್ನಿಯಾಕ್ಕೆ.