ಅಪರಾಧಿಗಳ ಪಟ್ಟಿಯೂ ಪ್ರಾಯಶ್ಚಿತ್ತದ ಮಾರ್ಗವೂ

ಮಕ್ಕಳ ಮೇಲೆ, ಸ್ತ್ರೀಯರ ಮೇಲೆ ನಡೆಯುವ ಲೈಂಗಿಕ ದೌರ್ಜನ್ಯವು ಹಿಂಸೆಯ ಘೋರ ರೂಪಗಳಲ್ಲೊಂದು. ಅದಕ್ಕೆ ದಂಡನೆ ಅವಶ್ಯವೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಅದನ್ನು ತಡೆಯಲೆಂದು ರಚಿಸಿದ ಕಾನೂನು ನಿಜವಾಗಿಯೂ ತಡೆಯುತ್ತಿದೆಯೇ ಎಂದು ಪರೀಕ್ಷಿಸುವುದೂ ಅಹಿಂಸಾವ್ರತಿಯ ಕರ್ತವ್ಯವೇ. ಅಮೆರಿಕದ ಲೈಂಗಿಕ ಅಪರಾಧಿಗಳ ನೋಂದಣಿಯ ಇತಿಹಾಸವು ಈ ಪರೀಕ್ಷೆಗೆ ತಕ್ಕ ನಿದರ್ಶನವಾಗಿದೆ.

ಕ್ಯಾಲಿಫೋರ್ನಿಯಾ ರಾಜ್ಯವು 1947ರಲ್ಲಿ ಇಂತಹ ಪಟ್ಟಿಯನ್ನು ಆರಂಭಿಸಿದಾಗ ಅದು ಪೊಲೀಸರ ಉಪಯೋಗಕ್ಕೆ ಮಾತ್ರ ಮೀಸಲಾಗಿತ್ತು. 1989ರಲ್ಲಿ ಮಿನ್ನೆಸೋಟಾದಲ್ಲಿ ಜೇಕಬ್ ವೆಟರ್ಲಿಂಗ್ ಎಂಬ 11 ವರ್ಷದ ಬಾಲಕನ ಅಪಹರಣವಾಯಿತು. ಅವನ ಹೆಸರಿನ 1994ರ ಕಾಯಿದೆಯು ಎಲ್ಲ ರಾಜ್ಯಗಳೂ ಪಟ್ಟಿಯನ್ನಿಡಬೇಕೆಂದು ವಿಧಿಸಿತು. ಅದೇ ವರ್ಷ ನ್ಯೂಜೆರ್ಸಿಯಲ್ಲಿ 7 ವರ್ಷದ ಬಾಲಿಕೆಯನ್ನು, ಹಿಂದೆ ಶಿಕ್ಷೆಗೊಳಗಾಗಿದ್ದ ನೆರೆಯವನೊಬ್ಬನು ಕೊಂದನು. ಜನರ ಶೋಕ, ಕ್ರೋಧಗಳ ನಡುವೆ 1996ರ ಮೇಗನ್ ಕಾನೂನು ಅಪರಾಧಿಗಳ ವಿವರವನ್ನು ಸಾರ್ವಜನಿಕರಿಗೆ ತೆರೆದಿಟ್ಟಿತು. 2006ರ ಆ್ಯಡಮ್ ವಾಲ್ಷ್ ಕಾಯಿದೆಯು 14 ವರ್ಷ ತುಂಬಿದ ಕೆಲವು ಬಾಲಾಪರಾಧಿಗಳನ್ನೂ ನೋಂದಣಿಯ ವ್ಯಾಪ್ತಿಗೆ ತಂದಿತು. ಶಾಲೆ, ಉದ್ಯಾನಗಳ ಸಮೀಪ ಇವರು ವಾಸಿಸಬಾರದೆಂಬ ನಿಯಮಗಳೂ ಹಲವೆಡೆ ಬಂದವು. ಮಯಾಮಿಯಲ್ಲಿ 2,500 ಅಡಿಗಳ ನಿಷೇಧದಿಂದಾಗಿ ಮನೆ ದೊರೆಯದವರು ಸೇತುವೆಯ ಕೆಳಗೆ ಬಿಡಾರ ಹೂಡಿ ವರ್ಷಗಟ್ಟಲೆ ಬದುಕಿದರು.

ಈ ಕ್ರಮಗಳ ಹಿಂದೆ ಒಂದು ನಂಬಿಕೆಯಿತ್ತು: ಇಂತಹ ಅಪರಾಧಿಗಳಲ್ಲಿ ಬಹುಪಾಲು ಮಂದಿ ಮತ್ತೆ ಅದೇ ಕೃತ್ಯಕ್ಕಿಳಿಯುವರು ಎಂಬುದು. 2002ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ತೀರ್ಪೊಂದು, ಚಿಕಿತ್ಸೆ ಪಡೆಯದವರಲ್ಲಿ ಈ ಪ್ರಮಾಣ ಶೇಕಡಾ 80ರಷ್ಟಿರಬಹುದೆಂಬ ಅಂದಾಜನ್ನು ಉಲ್ಲೇಖಿಸಿತು. ಮುಂದಿನ ವರ್ಷ ಅಲಾಸ್ಕಾದ ನೋಂದಣಿ ಕಾನೂನನ್ನು ಎತ್ತಿಹಿಡಿಯುವಾಗಲೂ ಅದೇ ವಾದ ಆಧಾರವಾಯಿತು. ಈ ಅಂಕಿಯ ಮೂಲವನ್ನು ಹುಡುಕಿದ ವಿದ್ವಾಂಸರಿಗೆ 2015ರಲ್ಲಿ ಕಂಡದ್ದು 1986ರ ಒಂದು ಜನಪ್ರಿಯ ಪತ್ರಿಕೆಯ ಲೇಖನ. ಅಲ್ಲಿ ಅದಕ್ಕೆ ಯಾವ ಪುರಾವೆಯೂ ಇರಲಿಲ್ಲ.

ಪುರಾವೆ ಹೇಳುವುದು ಬೇರೆ. 1994ರಲ್ಲಿ 15 ರಾಜ್ಯಗಳ ಸೆರೆಮನೆಗಳಿಂದ ಬಿಡುಗಡೆಯಾದ 9,691 ಮಂದಿಯನ್ನು ಅಲ್ಲಿನ ನ್ಯಾಯಾಂಗ ಇಲಾಖೆ ಪರಿಶೀಲಿಸಿತು. ಮೂರು ವರ್ಷಗಳಲ್ಲಿ ಮತ್ತೆ ಲೈಂಗಿಕ ಅಪರಾಧಕ್ಕಾಗಿ ಬಂಧಿತರಾದವರು ಶೇಕಡಾ 5.3. ದೂರು ದಾಖಲಾಗದ ಕೃತ್ಯಗಳು ಅನೇಕವಿರುವುದರಿಂದ ನಿಜಸಂಖ್ಯೆ ಇದಕ್ಕಿಂತ ಹೆಚ್ಚಿರುತ್ತದೆ. ಆದರೂ ಶೇಕಡಾ 80ರ ಮಾತಿಗೆ ಇದರಲ್ಲಿ ಆಧಾರವಿಲ್ಲ. ಮೇಗನ್ ಕಾನೂನು ಹುಟ್ಟಿದ ನ್ಯೂಜೆರ್ಸಿಯಲ್ಲಿಯೇ 2008ರಲ್ಲಿ ಪ್ರಕಟವಾದ ಅಧ್ಯಯನವು, ಆ ಕಾನೂನಿನಿಂದ ಪುನರಪರಾಧವಾಗಲಿ ಬಲಿಯಾದವರ ಸಂಖ್ಯೆಯಾಗಲಿ ತಗ್ಗಿದ ಕುರುಹು ಕಾಣದೆಂದಿತು. ಮಿನ್ನೆಸೋಟಾದ ಕಾರಾಗೃಹ ಇಲಾಖೆಯು 2007ರಲ್ಲಿ 224 ಪುನರಪರಾಧಗಳನ್ನು ಒಂದೊಂದಾಗಿ ಪರೀಕ್ಷಿಸಿ, ವಾಸದ ನಿರ್ಬಂಧದಿಂದ ಅವುಗಳಲ್ಲಿ ಒಂದೂ ತಪ್ಪುವಂತಿರಲಿಲ್ಲವೆಂದು ಕಂಡಿತು. ಮಗನನ್ನು ಕಳೆದುಕೊಂಡು ಮೊದಲ ಕಾಯಿದೆಗಾಗಿ ಹೋರಾಡಿದ ತಾಯಿ ಪ್ಯಾಟಿ ವೆಟರ್ಲಿಂಗ್ ಅವರೇ ನೋಂದಣಿಯ ಅತಿರೇಕವನ್ನು ಬಹಿರಂಗವಾಗಿ ಪ್ರಶ್ನಿಸಿದರು. ಬಹುತೇಕರನ್ನು ಜೀವನಪರ್ಯಂತ ಪಟ್ಟಿಯಲ್ಲಿಡುತ್ತಿದ್ದ ಕ್ಯಾಲಿಫೋರ್ನಿಯಾ 2017ರಲ್ಲಿ ಕಾನೂನನ್ನು ತಿದ್ದಿ, 2021ರಿಂದ 10 ವರ್ಷ, 20 ವರ್ಷ, ಆಜೀವ ಎಂಬ ಮೂರು ಶ್ರೇಣಿಗಳನ್ನು ಜಾರಿಗೊಳಿಸಿತು.

ಜೈನ ಶಾಸ್ತ್ರಕ್ಕೆ ಈ ವಿವೇಕ ಅಪರಿಚಿತವಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಅತಿಚಾರಗಳನ್ನು ಹೇಳುವಾಗ ವಧ, ಬಂಧಗಳೊಡನೆ ಅತಿಭಾರಾರೋಪಣವನ್ನೂ ಎಣಿಸುತ್ತದೆ. ಹೊರಲಾರದಷ್ಟು ಭಾರವನ್ನು ಹೊರಿಸುವುದೂ ದೋಷವೇ. ಒಂಬತ್ತನೆಯ ಅಧ್ಯಾಯವು ಆಲೋಚನೆಯಿಂದ ಮೊದಲುಗೊಂಡು ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳನ್ನು ಕ್ರಮವಾಗಿ ಹೇಳುತ್ತದೆ. ಅವುಗಳಲ್ಲಿ ಪರಿಹಾರವೆಂದರೆ ದೋಷಿಯಾದ ಮುನಿಯನ್ನು ಪಕ್ಷ, ಮಾಸಾದಿ ನಿಯತಕಾಲ ಸಂಘದಿಂದ ದೂರವಿಡುವುದು. ಅದರ ನಂತರ ಬರುವುದು ಉಪಸ್ಥಾಪನ, ಎಂದರೆ ಪುನರ್ದೀಕ್ಷೆ. ದೋಷದ ತಾರತಮ್ಯವನ್ನು ಅಳೆಯಬೇಕು, ದೂರವಿಡುವುದಕ್ಕೆ ಅವಧಿಯಿರಬೇಕು, ಮರಳುವುದಕ್ಕೆ ದಾರಿಯಿರಬೇಕು. ಇದು ಮುನಿಸಂಘದ ವ್ಯವಸ್ಥೆಯೇ ಹೊರತು ರಾಜದಂಡಕ್ಕೆ ಬದಲಿಯಲ್ಲ. ಆದರೆ ಅದರ ಹಿಂದಿನ ತತ್ತ್ವವು ಕಾನೂನು ರಚಿಸುವವರಿಗೂ ಸಲ್ಲುವಂಥದು.

ಇದೇ ತತ್ತ್ವ ಅನ್ಯ ಮತೀಯರಲ್ಲಿಯೂ ಕಾರ್ಯರೂಪಕ್ಕಿಳಿದಿದೆ. 1994ರಲ್ಲಿ ಕೆನಡಾದ ಹ್ಯಾಮಿಲ್ಟನ್ ನಗರದಲ್ಲಿ, ಶಾಂತಿವಾದಿಗಳಾದ ಮೆನೊನೈಟ್ ಕ್ರೈಸ್ತರ ಸಣ್ಣ ಸಮುದಾಯವೊಂದು ಬಿಡುಗಡೆಯಾದ ಅಪರಾಧಿಯ ಸುತ್ತ ಸ್ವಯಂಸೇವಕರ ಬಳಗವನ್ನು ಕಟ್ಟಿತು. ಅವರು ಅವನಿಗೆ ನೆರವಾದರು. ಅವನ ನಡತೆಯ ಮೇಲೆ ನಿಗಾ ಇಟ್ಟು ಉತ್ತರದಾಯಿತ್ವವನ್ನೂ ಕೇಳಿದರು. ಇಂತಹ ಬಳಗಗಳಿರುವಲ್ಲಿ ಪುನರಪರಾಧ ಕಡಿಮೆಯೆಂದು ಕೆನಡಾ ಮತ್ತು ಮಿನ್ನೆಸೋಟಾದ ಅಧ್ಯಯನಗಳು ತೋರಿಸಿವೆ.

ಭಾರತದಲ್ಲಿಯೂ 2018ರ ಸೆಪ್ಟೆಂಬರ್‌ನಲ್ಲಿ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶಕೋಶವು 4.4 ಲಕ್ಷಕ್ಕೂ ಹೆಚ್ಚು ದಾಖಲೆಗಳೊಡನೆ ಆರಂಭವಾಯಿತು. ಅದು ತನಿಖಾ ಸಂಸ್ಥೆಗಳಿಗೆ ಮಾತ್ರ ಲಭ್ಯ. ಅದನ್ನು ಸಾರ್ವಜನಿಕಗೊಳಿಸಬೇಕೆಂಬ ಕೂಗೆದ್ದಾಗ ಅಮೆರಿಕದ ಅನುಭವವನ್ನು ನೆನೆಯುವುದು ಒಳಿತು. ದೇಶದಲ್ಲಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಶೇಕಡಾ 90ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿಯು ಬಾಧಿತಳಿಗೆ ಪರಿಚಿತನೇ ಆಗಿರುತ್ತಾನೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳು ತಿಳಿಸುತ್ತವೆ. ಬಂಧು, ನೆರೆಯವ, ಶಿಕ್ಷಕ ಇವರ ಹೆಸರು ಸಾಮಾನ್ಯವಾಗಿ ಯಾವ ಪಟ್ಟಿಯಲ್ಲೂ ಮೊದಲೇ ಇರುವುದಿಲ್ಲ.

ಆದುದರಿಂದ ರಕ್ಷಣೆಯ ಹೊಣೆ ಮನೆಯಿಂದಲೇ ಆರಂಭವಾಗಬೇಕು. ಮಗು ಅಂಜದೆ ಹೇಳಿಕೊಳ್ಳುವಂತಹ ವಾತಾವರಣವನ್ನು ಶ್ರಾವಕ ಕುಟುಂಬಗಳು ಕಲ್ಪಿಸಬೇಕು. 2012ರ ಪೋಕ್ಸೋ ಕಾಯಿದೆಯಂತೆ ಮಗುವಿನ ಮೇಲಿನ ದೌರ್ಜನ್ಯವನ್ನು ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಅಪರಾಧ. ಸಂಸ್ಥೆಯ ಮುಖ್ಯಸ್ಥರಿಗೆ ಅದಕ್ಕಾಗಿ ಒಂದು ವರ್ಷದವರೆಗೆ ಸೆರೆವಾಸವಿದೆ. ವಸತಿನಿಲಯ, ಗುರುಕುಲ, ಪಾಠಶಾಲೆಗಳನ್ನು ನಡೆಸುವ ಬಸದಿಯ ಟ್ರಸ್ಟ್‌ಗಳು ಸಂಸ್ಥೆಯ ಮಾನ ಕಾಯುವ ನೆಪದಲ್ಲಿ ದೂರನ್ನು ಮುಚ್ಚಿಡಬಾರದು. ಸಿಬ್ಬಂದಿಯ ಪೂರ್ವಾಪರವನ್ನು ವಿಚಾರಿಸಿ ನೇಮಿಸುವುದು, ದೂರು ಕೇಳಲು ವಿಶ್ವಾಸಾರ್ಹ ಮಹಿಳೆಯೊಬ್ಬರನ್ನು ನಿಯೋಜಿಸುವುದು, ಮಕ್ಕಳ ಸಹಾಯವಾಣಿ 1098ನ್ನು ಗೋಡೆಯ ಮೇಲೆ ಬರೆಸುವುದು, ಇವು ಮುಂದಿನ ಆಡಳಿತ ಮಂಡಳಿಯ ಸಭೆಯಲ್ಲೇ ತೀರ್ಮಾನಿಸಬಹುದಾದ ಕಾರ್ಯಗಳು.