ಸಮುದ್ರಯಾನಕ್ಕಾಗಿ ಕಾದ ಕುಟುಂಬಗಳು

ಸೊರಬ ಸೀಮೆಯ ಉಳವಿಯಿಂದ ಶಿಕಾರಿಪುರ ಸೀಮೆಯ ಬಳ್ಳಿಗಾವಿ, ತಾಳಗುಂದಗಳವರೆಗಿನ ನೆಲದ ಪೂರ್ವವೃತ್ತಾಂತವನ್ನು ತಿಳಿಯಲಿಚ್ಛಿಸುವವರಿಗೆ ಎಪಿಗ್ರಾಫಿಯ ಕರ್ನಾಟಿಕದ ೭ ಮತ್ತು ೮ನೆಯ ಸಂಪುಟಗಳೇ ಪ್ರಧಾನಾಧಾರಗಳಾಗಿವೆ. ಇಲ್ಲಿ ಹೇಳುವ ಉಳವಿಯು ಸೊರಬದ ಹೋಬಳಿಯ ಊರೇ ಹೊರತು ಚೆನ್ನಬಸವಣ್ಣನವರ ಐಕ್ಯಸ್ಥಾನವೆಂದು ಪ್ರಸಿದ್ಧವಾದ ಉತ್ತರ ಕನ್ನಡದ ಉಳವಿಯಲ್ಲ. ಶಿಕಾರಿಪುರದ ಶಾಸನಗಳು ೧೯೦೨ರಲ್ಲಿಯೂ ಸೊರಬದವು ೧೯೦೪ರಲ್ಲಿಯೂ ಅಚ್ಚಾದುವು. ಅವುಗಳ ಸಂಪಾದಕರು ಬಿ. ಎಲ್. ರೈಸ್ ಸಾಹೇಬರು. ಅವರ ತಂದೆ ಬೆಂಜಮಿನ್ ರೈಸರು ಲಂಡನ್ ಮಿಷನಿನ ಪಾದ್ರಿಗಳಾಗಿ ಪತ್ನೀಸಮೇತರಾಗಿ ಕಡಲನ್ನು ದಾಟಿ ೧೮೩೭ರಲ್ಲಿ ಬೆಂಗಳೂರನ್ನು ಸೇರಿದರು. ಅದೇ ವರ್ಷ ಅಲ್ಲಿ ಈ ಮಗನ ಜನನವಾಯಿತು. ಹೀಗೆ ತಾಳಗುಂದದ ಸ್ತಂಭಶಾಸನದ ಮಯೂರಶರ್ಮನ ಕಥೆಯು ವಿದ್ವಲ್ಲೋಕಕ್ಕೆ ತಿಳಿದುದರ ಹಿಂದೆ ಒಂದು ಕ್ರೈಸ್ತ ಕುಟುಂಬದ ಸಮುದ್ರಯಾನವಿದೆ.

ಇಂತಹ ಕುಟುಂಬಗಳ ಚರಿತ್ರೆಯನ್ನು ಬರೆದವರು ಪ್ರಾಯಶಃ ನೌಕೆ ಹೊರಟ ದಿನದಿಂದಲೇ ಆರಂಭಿಸುತ್ತಾರೆ. ಹೊರಡುವುದಕ್ಕೆ ಮುಂಚೆ ಅವರು ಕಾದ ಕಾಲವು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಯಾರು ಬರಬಹುದು, ಯಾವಾಗ ಬರಬಹುದು, ಯಾರೊಡನೆ ಬರಬಹುದು ಎಂಬುದೆಲ್ಲ ನಿಶ್ಚಯವಾದುದು ಆ ಕಾಲದಲ್ಲಿಯೇ. ಆದುದರಿಂದ ಅದನ್ನು ವಿಚಾರಿಸುವುದು ಯುಕ್ತವಾಗಿದೆ. ಮತಪ್ರಸಾರವೇ ಇವರ ಮುಖ್ಯೋದ್ದೇಶವೆಂಬುದು ಸರ್ವವಿದಿತ. ಅದರೊಡನೆ ಪಾಠಶಾಲೆ, ಚಿಕಿತ್ಸೆ, ಮುದ್ರಣ, ಕೈಗಾರಿಕೆ ಮೊದಲಾದ ಪರೋಪಕಾರದ ಕೆಲಸಗಳೂ ಸೇರಿದ್ದುವೆಂಬುದು ಅಷ್ಟೇ ನಿಜ. ಮತವಿಚಾರವು ಈ ಲೇಖನದ ವಿಷಯವಲ್ಲ.

ನಮ್ಮ ಧರ್ಮಶಾಸ್ತ್ರದಲ್ಲಿ ಸಮುದ್ರಯಾನದ ಚರ್ಚೆ ಬಹು ಹಳೆಯದು. ಬೋಧಾಯನ ಧರ್ಮಸೂತ್ರವು ಒಂದೆಡೆ ಅದನ್ನು ಉತ್ತರದೇಶದವರ ವಿಶೇಷಾಚಾರಗಳಲ್ಲಿ ಎಣಿಸಿ, ಮತ್ತೊಂದೆಡೆ ಪತನೀಯಗಳಲ್ಲಿ ಮೊದಲನೆಯದಾಗಿ ಹೇಳುತ್ತದೆ. ನಮ್ಮಲ್ಲಿ ತಡೆ ಶಾಸ್ತ್ರದಿಂದ ಬಂದಿತು. ಯುರೋಪಿನ ಈ ಕುಟುಂಬಗಳಿಗೆ ತಡೆ ರಾಜಶಾಸನದಿಂದ ಬಂದಿತು. ಈಸ್ಟ್ ಇಂಡಿಯಾ ಕಂಪನಿಯ ಅಪ್ಪಣೆಯಿಲ್ಲದೆ ಅದರ ಸೀಮೆಯಲ್ಲಿ ಕಾಲಿಡುವುದಕ್ಕೆ ಆಂಗ್ಲರಿಗೂ ಅಧಿಕಾರವಿರಲಿಲ್ಲ. ಪಾದ್ರಿಗಳ ಬೋಧನೆಯಿಂದ ಜನರು ಕೆರಳಿದರೆ ವ್ಯಾಪಾರಕ್ಕೂ ರಾಜ್ಯಕ್ಕೂ ಕೇಡೆಂದು ಕಂಪನಿಯವರು ಶಂಕಿಸಿದರು. ೧೮೦೬ರ ವೆಲ್ಲೂರಿನ ದಂಗೆಯ ಮೇಲೆ ಆ ಶಂಕೆಯು ಮತ್ತಷ್ಟು ಬಲವಾಯಿತು.

ಇದಕ್ಕೆ ಪ್ರಸಿದ್ಧವಾದ ದೃಷ್ಟಾಂತ ವಿಲಿಯಂ ಕೇರಿಯವರ ಕುಟುಂಬ. ೧೭೯೨ರಲ್ಲಿ ಬ್ಯಾಪ್ಟಿಸ್ಟ್ ಮಿಷನ್ ಸಂಘವು ಸ್ಥಾಪಿತವಾಯಿತು. ಮರುವರ್ಷದ ವಸಂತದಲ್ಲಿ ಕೇರಿಯವರು ಹಿರಿಯ ಮಗನೊಡನೆ ಕಂಪನಿಯ ನೌಕೆಯನ್ನೇರಿ, ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಹಲವು ವಾರ ಕಾದರು. ಅಪ್ಪಣೆಯ ಪತ್ರವಿಲ್ಲವೆಂಬ ಕಾರಣದಿಂದ ಕಡೆಗೆ ಅವರನ್ನು ದಡಕ್ಕಿಳಿಸಲಾಯಿತು. ಪತ್ನಿ ಡೊರೊಥಿಯು ಆಗ ತುಂಬುಗರ್ಭಿಣಿ; ಬರಲೊಲ್ಲೆನೆಂದು ಊರಿನಲ್ಲಿಯೇ ಉಳಿದಿದ್ದಳು. ಈ ತಡೆಯಿಂದ ಅವಳಿಗೆ ಹೆರಿಗೆಯಾಗುವಷ್ಟು ಅವಕಾಶ ದೊರೆಯಿತು. ಅಷ್ಟರಲ್ಲಿ ಡೆನ್ಮಾರ್ಕಿನ ನೌಕೆಯೊಂದು ಹೊರಡುವ ಸುದ್ದಿ ಬಂದಿತು. ಅವಳನ್ನು ಮತ್ತೆ ಕೇಳಲಾಗಿ, ತಂಗಿಯು ಜೊತೆಗೆ ಬರುವುದಾದರೆ ಬರುವೆನೆಂದಳು. ಬಹು ಅಲ್ಪಾವಧಿಯಲ್ಲಿ ಗಂಟುಮೂಟೆ ಕಟ್ಟಿ, ಕೆಲವೇ ವಾರಗಳ ಹಸುಗೂಸೂ ಸೇರಿ ನಾಲ್ವರು ಗಂಡುಮಕ್ಕಳೊಡನೆ ಆ ಕುಟುಂಬವು ೧೭೯೩ರ ಜೂನ್ ೧೩ರಂದು ಹೊರಟು, ನವೆಂಬರ್ ೧೧ರಂದು ಕಲ್ಕತ್ತೆಯನ್ನು ಮುಟ್ಟಿತು. ಮುಂದಿನ ವರ್ಷವೇ ಒಬ್ಬ ಮಗನು ತೀರಿಕೊಂಡನು. ಡೊರೊಥಿಗೆ ಚಿತ್ತಭ್ರಮಣೆಯಾಗಿ, ೧೮೦೭ರಲ್ಲಿ ಮರಣ ಹೊಂದುವವರೆಗೂ ವಾಸಿಯಾಗಲಿಲ್ಲ.

ಕೇರಿಯವರ ಕರ್ಣಾಟ ಭಾಷೆಯ ವ್ಯಾಕರಣವು ಶ್ರೀರಾಮಪುರದಲ್ಲಿ ೧೮೧೭ರಲ್ಲಿ ಮುದ್ರಿತವಾಯಿತು. ಕನ್ನಡ ಮುದ್ರಣದ ಇತಿಹಾಸದಲ್ಲಿ ಆ ಗ್ರಂಥಕ್ಕೆ ಆದಿಯಲ್ಲಿ ಸ್ಥಾನವಿದೆ. ಶ್ರೀರಾಮಪುರವು ಆಗ ಡೆನ್ಮಾರ್ಕಿನವರ ವಶದಲ್ಲಿದ್ದುದರಿಂದಲೇ ಕೇರಿಯವರಿಗೆ ಅಲ್ಲಿ ನೆಲೆ ದೊರೆತುದೆಂಬುದು ಗಮನಾರ್ಹ. ಬಂಗಾಳದ ತೀರದಲ್ಲಿ ಕನ್ನಡದ ವ್ಯಾಕರಣವು ಅಚ್ಚಾದುದಕ್ಕೆ ಕಂಪನಿಯ ನಿರ್ಬಂಧವೂ ಒಂದು ಕಾರಣವೆಂದು ಹೇಳಬಹುದು.

೧೮೧೩ರ ಶಾಸನದಿಂದ ಆಂಗ್ಲ ಪಾದ್ರಿಗಳಿಗೆ ಅಪ್ಪಣೆ ಪಡೆದು ಬರುವ ದಾರಿ ತೆರೆಯಿತು. ಅನ್ಯ ಯುರೋಪಿಯನರಿಗೆ ತೆರೆದುದು ೧೮೩೩ರ ಶಾಸನದಿಂದ. ಬಾಸೆಲ್ ಮಿಷನ್ ಸ್ಥಾಪಿತವಾದುದು ೧೮೧೫ರಲ್ಲಿ. ಆದರೆ ಹೇಬಿಕ್, ಲೇನರ್, ಗ್ರೈನರ್ ಎಂಬ ಅದರ ಮೊದಲ ಮೂವರು ಮಂಗಳೂರಿಗೆ ಬಂದುದು ೧೮೩೪ರಲ್ಲಿ. ಶಾಸನದ ವರ್ಷಕ್ಕೂ ಆಗಮನದ ವರ್ಷಕ್ಕೂ ಇರುವ ಈ ಸಾಮೀಪ್ಯವು ಆಕಸ್ಮಿಕವಲ್ಲ. ಮುಂದೆ ೧೮೪೩ರಲ್ಲಿ ಮೋಗ್ಲಿಂಗರ ಮಂಗಳೂರ ಸಮಾಚಾರವೂ, ೧೮೬೫ರಲ್ಲಿ ಪ್ಲೆಬ್ಸ್ಟರ ಹಂಚಿನ ಕಾರ್ಖಾನೆಯೂ ಈ ಮಿಷನಿನಿಂದಲೇ ಹುಟ್ಟಿದುವು. ಮತಾಂತರದಿಂದ ಕುಲವೃತ್ತಿಯನ್ನು ಕಳೆದುಕೊಂಡವರಿಗೆ ಜೀವನೋಪಾಯ ಕಲ್ಪಿಸುವುದೇ ಆ ಕೈಗಾರಿಕೆಗಳ ಮೊದಲ ಉದ್ದೇಶವಾಗಿತ್ತು. ಆದರೆ ಮಂಗಳೂರು ಹಂಚು ಎಂಬ ಹೆಸರು ಕಾಲಕ್ರಮದಲ್ಲಿ ಮತಭೇದವಿಲ್ಲದೆ ಮಲೆನಾಡಿನ ಮನೆಮಾತಾಯಿತು.

ರಾಜಶಾಸನದ ತಡೆ ಹೋದ ಮೇಲೂ ಕಾಯುವುದು ತಪ್ಪಲಿಲ್ಲ. ಅದರ ಸ್ಥಾನದಲ್ಲಿ ಸಂಘದ ಕಟ್ಟಳೆ ನಿಂತಿತು. ಬಾಸೆಲ್ ಮಿಷನಿನವರು ಅವಿವಾಹಿತ ತರುಣರನ್ನು ವರ್ಷಗಟ್ಟಲೆ ಶಿಕ್ಷಣ ಕೊಟ್ಟು ಕಳುಹಿಸುತ್ತಿದ್ದರು. ಆ ತರುಣನು ಕ್ಷೇತ್ರದಲ್ಲಿ ಕೆಲಕಾಲ ದುಡಿದ ಮೇಲೆ ವಿವಾಹಕ್ಕೆ ಸಂಘದ ಸಮ್ಮತಿಯನ್ನು ಬೇಡಬೇಕು. ಕನ್ಯೆಗೂ ಸಂಘದ ಒಪ್ಪಿಗೆ ಬೇಕು. ಅನೇಕ ಕನ್ಯೆಯರು ಪತ್ರಮುಖದಿಂದಲ್ಲದೆ ವರನನ್ನು ಅರಿಯದೆಯೇ ನೌಕೆಯನ್ನೇರಿದರು. ಕಿಟ್ಟೆಲರು ೧೮೫೩ರಲ್ಲಿ ಬಂದವರು, ಅವರ ವಿವಾಹವಾದುದು ೧೮೬೦ರಲ್ಲಿ. ಪತ್ನಿ ಪೌಲೀನಳು ೧೮೬೪ರಲ್ಲಿ ತೀರಿಕೊಂಡಳು. ಆ ಬಳಿಕ ಅವಳ ತಂಗಿ ಜೂಲಿಯು ಅವರ ಕೈಹಿಡಿದಳು. ನಿಘಂಟಿನ ಕೆಲಸಕ್ಕಾಗಿ ಕಿಟ್ಟೆಲರು ಕಡೆಯ ಸಲ ಕನ್ನಡ ನಾಡಿಗೆ ಬಂದು, ೧೮೯೨ರಲ್ಲಿ ಜರ್ಮನಿಗೆ ಮರಳಿದರು. ನಿಘಂಟು ೧೮೯೪ರಲ್ಲಿ ಪ್ರಕಟವಾಯಿತು.

ಮಕ್ಕಳ ಸ್ಥಿತಿಯೂ ಇದೇ ಬಗೆಯದು. ಹವೆಯ ಭಯದಿಂದಲೂ ವಿದ್ಯಾಭ್ಯಾಸದ ದೃಷ್ಟಿಯಿಂದಲೂ ಅವರನ್ನು ಎಳೆಯ ವಯಸ್ಸಿನಲ್ಲಿಯೇ ಯುರೋಪಿಗೆ ಕಳುಹಿಸುವ ಪದ್ಧತಿಯು ೧೯ನೆಯ ಶತಮಾನದ ಮಧ್ಯದಲ್ಲಿ ರೂಢಿಯಾಯಿತು. ತಂದೆತಾಯಿಗಳು ಇಲ್ಲಿ, ಮಕ್ಕಳು ಅಲ್ಲಿ. ನಡುವೆ ಓಲೆಯೊಂದೇ ಸೇತುವೆ. ಸೂಯೆಜ್ ಕಾಲುವೆ ತೆರೆದುದು ೧೮೬೯ರಲ್ಲಿ. ಅದಕ್ಕೆ ಮುಂಚೆ ಗುಡ್‌ಹೋಪ್ ಭೂಶಿರವನ್ನು ಬಳಸಿ ಬರುವ ನೌಕೆಗಳಿಗೆ ಅನೇಕ ತಿಂಗಳುಗಳೇ ಹಿಡಿಯುತ್ತಿದ್ದುವು. ರೈಸ್ ಸಾಹೇಬರೂ ಇಂಗ್ಲೆಂಡಿನಲ್ಲಿ ಓದಿ, ೧೮೬೦ರಲ್ಲಿ ಬೆಂಗಳೂರಿನ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಹುಟ್ಟಿದೂರಿಗೆ ಮರಳಿದರು. ಕನ್ನಡ ಸಾಹಿತ್ಯಚರಿತ್ರೆಯನ್ನು ೧೯೧೫ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಇ. ಪಿ. ರೈಸರು ಇವರ ತಮ್ಮಂದಿರು.

ಈ ವೃತ್ತಾಂತಗಳನ್ನು ಒಟ್ಟಿಗಿಟ್ಟು ನೋಡಿದರೆ, ಕಾಯುವಿಕೆಗೆ ಮೂರು ಒಡೆಯರಿದ್ದರೆಂದು ತಿಳಿಯುತ್ತದೆ: ಸರಕಾರ, ಸಂಘ ಮತ್ತು ಮನೆಯ ಒಪ್ಪಿಗೆ. ಮೊದಲಿನ ಎರಡಕ್ಕೂ ದಾಖಲೆಗಳಿವೆ. ಮೂರನೆಯದನ್ನು ಯಾರೂ ಕ್ರಮವಾಗಿ ಬರೆದಿಡಲಿಲ್ಲ. ಆದರೆ ಭಾರವನ್ನು ಹೊತ್ತವರು ಆ ಮೂರನೆಯವರೇ. ತಾಳ್ಮೆ ಒಳ್ಳೆಯ ಗುಣವೇ ಸರಿ. ಆದರೆ ತಾನಾಗಿ ಆರಿಸಿಕೊಂಡ ಕೆಲಸಕ್ಕಾಗಿ ಕಾಯುವವನ ತಾಳ್ಮೆಗೂ, ಮತ್ತೊಬ್ಬರು ಆರಿಸಿದ ಕೆಲಸಕ್ಕಾಗಿ ಕಾಯುವವಳ ತಾಳ್ಮೆಗೂ ಒಂದೇ ಹೆಸರಿಡುವುದು ಇತಿಹಾಸಕಾರನಿಗೆ ಸಲ್ಲದು.

ದೀನರ ಸೇವೆ ಈ ನಾಡಿಗೆ ಕಡಲಾಚೆಯಿಂದಲೇ ಬಂದುದೆಂದು ಯಾರೂ ಭಾವಿಸಬೇಕಾಗಿಲ್ಲ. ರೈಸ್ ಸಾಹೇಬರೇ ಪ್ರಕಟಿಸಿದ, ಬಳ್ಳಿಗಾವಿಯ ಕೋಡಿಯ ಮಠಕ್ಕೆ ಸೇರಿದ ೧೧೬೨ರ ಶಾಸನವು ಆ ಮಠವನ್ನು ವೇದ ವ್ಯಾಕರಣಾದಿ ವಿದ್ಯೆಗಳ ಸ್ಥಾನವೆಂದು ವರ್ಣಿಸುವುದಲ್ಲದೆ, ಅನಾಥರಿಗೂ ಕುರುಡ ಕುಂಟರಿಗೂ ನಾನಾ ಮತಗಳ ಭಿಕ್ಷುಗಳಿಗೂ ಅನ್ನವಿಕ್ಕುವ, ರೋಗಿಗಳಿಗೆ ಚಿಕಿತ್ಸೆ ಮಾಡುವ ಸ್ಥಾನವೆಂದೂ ಹೇಳುತ್ತದೆ. ದತ್ತಿಯನ್ನಿತ್ತ ಬಿಜ್ಜಳನೂ ಪಡೆದ ವಾಮಶಕ್ತಿಯೂ ಅದರಲ್ಲಿ ಪ್ರಧಾನರು. ಅನ್ನ ಬೇಯಿಸಿದವರೂ ರೋಗಿಗಳ ಬಳಿ ರಾತ್ರಿ ಎಚ್ಚರವಿದ್ದವರೂ ಇದ್ದೇ ಇದ್ದರೆಂಬುದು ಊಹೆಗೆ ಬಿಟ್ಟ ವಿಷಯ. ಶಿಲಾಶಾಸನಕ್ಕೂ ಗ್ರಂಥದ ಮುಖಪತ್ರಕ್ಕೂ ಈ ವಿಷಯದಲ್ಲಿ ಭೇದವಿಲ್ಲ.

ಈ ಸೀಮೆಯ ಶಾಸನಗಳನ್ನೋ ಕಿಟ್ಟೆಲರ ನಿಘಂಟನ್ನೋ ಬಳಸುವ ನಾವು ಗ್ರಂಥಕರ್ತರ ಋಣವನ್ನು ಒಪ್ಪಿಕೊಳ್ಳುತ್ತೇವೆ. ಆ ಋಣದಲ್ಲಿ ಡೊರೊಥಿಗೂ ಪೌಲೀನಳಿಗೂ, ಬಂದರಿನಲ್ಲಿ ಬೀಳ್ಕೊಂಡ ಮಕ್ಕಳಿಗೂ ಸಲ್ಲತಕ್ಕ ಪಾಲಿದೆ. ಅದನ್ನು ಲೆಕ್ಕಕ್ಕೆ ಸೇರಿಸಿದ ಹೊರತು ಕನ್ನಡದ ನವೋದಯಪೂರ್ವ ವಿದ್ವತ್ತಿನ ಇತಿಹಾಸವು ಪೂರ್ಣವಾಗದೆಂದು ನಮ್ಮ ಅಭಿಪ್ರಾಯ.