ತರಗು ಬೆಂಕಿ

ಕಾಡಿಗೆ ಬೆಂಕಿ ಬಿತ್ತೆಂದರೆ ಯಾರೋ ದುಷ್ಟರು ಇಟ್ಟಿರಬೇಕೆಂದೇ ನಾವು ಭಾವಿಸುತ್ತೇವೆ. ಆದರೆ ಪ್ರಿಯ ಓದುಗರೇ, ಕಾಡನ್ನು ಕಾಯಲೆಂದೇ ಬೆಂಕಿ ಇಡುತ್ತಿದ್ದವರೂ ನಮ್ಮ ನಾಡಿನಲ್ಲಿದ್ದರು. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಬಲಿಯುವ ಮುನ್ನವೇ, ಕಾಡಿನಲ್ಲಿ ಇನ್ನೂ ತೇವವಿರುವಾಗ, ಉದುರಿದ ಎಲೆಗಳಿಗೆ ಕಿಡಿ ತಾಕಿಸುತ್ತಿದ್ದರು. ಅದೇ ‘ತರಗು ಬೆಂಕಿ’. ಅದು ನೆಲದ ಕಸವನ್ನಷ್ಟೇ ಸುಟ್ಟು ಆರುತ್ತಿತ್ತು. ಮಳೆ ಬಿದ್ದೊಡನೆ ಹುಲ್ಲು ಚಿಗುರಿ ಜಿಂಕೆ, ಕಾಟಿಗಳಿಗೆ ಮೇವಾಗುತ್ತಿತ್ತು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1974ರಲ್ಲಿ ಬೆಟ್ಟವು ಅಭಯಾರಣ್ಯವಾಯಿತು. ಬೇಟೆಯೊಡನೆ ತರಗು ಬೆಂಕಿಯೂ ನಿಷಿದ್ಧವಾಯಿತು. ಬೇಟೆ ನಿಂತದ್ದೇನೋ ಒಳ್ಳೆಯದೇ. ಆದರೆ 19ನೇ ಶತಮಾನದಲ್ಲಿ ಆಂಗ್ಲರು ತೋಟದ ಅಂದಕ್ಕೆಂದು ತಂದಿದ್ದ ಲಾಂಟಾನ ಮುಂದಿನ ದಶಕಗಳಲ್ಲಿ ಬೆಟ್ಟವನ್ನೆಲ್ಲ ಆವರಿಸಿತು. ಬೆಂಕಿ ನಿಂತದ್ದೇ ಕಾರಣವೆಂದು ಸೋಲಿಗರು ಹೇಳುತ್ತಾರೆ. ಸಂಶೋಧಕರಲ್ಲಿ ಕೆಲವರು ಒಪ್ಪುತ್ತಾರೆ, ಎಲ್ಲರೂ ಅಲ್ಲ. ಆಳೆತ್ತರದ ಆ ಪೊದೆ ಒಣಗಿತೆಂದರೆ, ನೆಲದ ಬೆಂಕಿಗೆ ಮರದ ಕೊಂಬೆಯವರೆಗೂ ಏಣಿ ಇಟ್ಟಂತೆ. ಲಾಂಟಾನ ತುಂಬಿದ ಬಂಡೀಪುರದಲ್ಲಿ 2019ರ ಫೆಬ್ರವರಿಯಲ್ಲಿ ಸಾವಿರಾರು ಎಕರೆ ಕಾಡು ಉರಿಯಿತು.

2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ದೊರೆಯಿತು. ಜೇನು, ನೆಲ್ಲಿಕಾಯಿಗಳನ್ನು ಸಂಗ್ರಹಿಸಬಹುದಾಯಿತು. ತರಗು ಬೆಂಕಿಗೆ ಮಾತ್ರ ಅಂದು ಅನುಮತಿ ಸಿಗಲಿಲ್ಲ.